ಚನ್ನವೀರಕ್ಕನ ಬೈಗುಳ

ಎಂಬತ್ತೊಂಬತ್ತನೇ ಇಸವಿಯಲ್ಲಿ ಚನ್ನವೀರಕ್ಕ ತೀರಿಕೊಂಡಾಗ ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಸಂತಾಪ ಸಭೆ ಮಾಡಿದರು. ಒಬ್ಬ ಮಹಾಶಯರು ಮೈಕಿನ ಮುಂದೆ ನಿಂತು, "ಚನ್ನವೀರಮ್ಮನವರು ತಾಳ್ಮೆಯ ಮೂರ್ತಿ. ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಸರಿ. ಹಾಗಂತ ಬಾಯಿಗೆ ಬಂದದ್ದು ಹೇಳುವುದೇ? ಅಕ್ಕನಿಗೆ ತಾಳ್ಮೆ ಎಳ್ಳಷ್ಟೂ ಇರಲಿಲ್ಲ. ಅವಳು ಬೈಯುತ್ತಿದ್ದಳು. ನೀರು ಚೆಲ್ಲಿದರೆ ಬೈಯುತ್ತಿದ್ದಳು, ಚೆಲ್ಲೀತೆಂದು ಮುಟ್ಟದೆ ಕೂತರೆ ಇನ್ನೂ ಹೆಚ್ಚು ಬೈಯುತ್ತಿದ್ದಳು. ಆ ಬೈಗುಳದಿಂದ ನಾನು ಮನುಷ್ಯನಾದೆ. ಅದೇ ಬೈಗುಳ ಒಂದು ಸಲ ಅವಳನ್ನೇ ಸುಟ್ಟು ಹಾಕಿತು. ಎರಡನ್ನೂ ಹತ್ತಿರದಿಂದ ಕಂಡವನು ನಾನು, ಆದ್ದರಿಂದ ಆ ಮಹಾಶಯರಿಗಿಂತ ನಾನೇ ಹೇಳುವುದು ಮೇಲು.

ನಾನು ಸಿರುಗುಪ್ಪದ ಶಾಬುದ್ದೀನ್. ಅಪ್ಪ ಕರೀಮಸಾಬ್ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಚಿಕ್ಕ ಕೂಸಿದ್ದಾಗ ನನ್ನ ಎಡಗಣ್ಣು ದೀಪದ ಬೆಳಕಿಗೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯತೊಡಗಿತಂತೆ. ಕಣ್ಣಿನ ಕ್ಯಾನ್ಸರು. ಮದ್ರಾಸಿನಲ್ಲಿ ಕಣ್ಣು ತೆಗೆದರು, ಜೀವ ಉಳಿಯಿತು. ಉಳಿದ ಜೀವವನ್ನು ಏನು ಮಾಡಬೇಕೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಣ್ಣತಮ್ಮಂದಿರು ಗಿರಣಿಗೆ ಹೋದರು. ನಾನು ಮೀಸೆ ಬಂದ ಮೇಲೂ ಹೊರಸಿನ ಮೇಲೆ ಕೂತು ಉಣ್ಣುತ್ತಿದ್ದೆ. ಏನಾದರೂ ಮುರಿದರೆ, ಕೆಡಿಸಿದರೆ ಅಮ್ಮ ರೋಷನಬಿ ತುಟಿ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಯಾಕೆ ಸುಮ್ಮನಾಗುತ್ತಿದ್ದಳು ಎಂದು ಹೇಳಬೇಕು. ನಮ್ಮ ಸೀಮೆಯ ತಾಯಂದಿರು ಬೈಯುವುದನ್ನು ಕೇಳಿದವರಿಗೆ ಗೊತ್ತು, ಅವರ ಬೈಗುಳವೆಲ್ಲ ಸಾವಿನ ಮಾತೇ. "ನಿನ್ನ ಹೆಣ ಎತ್ಲಿ", "ನಿನ್ನ ಬಾಯಾಗ ಮಣ್ಣು ಹಾಕ", "ಸತ್ತು ಹೋಗು ಅತ್ಲಾಗ". ಗಟ್ಟಿಮುಟ್ಟಾದ ಹುಡುಗನಿಗೆ ಅದು ಮೈಮೇಲೆ ನೊಣ ಕೂತ ಹಾಗೆ, ಕೊಡವಿಕೊಂಡು ಓಡುತ್ತಾನೆ. ಆದರೆ ಸಾವಿನ ಬಾಗಿಲು ಮುಟ್ಟಿ ಬಂದ ಕೂಸಿಗೆ ಯಾವ ತಾಯಿ ಹಾಗೆ ಅಂದಾಳು? ಮೇಲೆ ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ, ಅಂದದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂಬ ಭಯ. ಮುಸಲ್ಮಾನರ ಮನೆಯಲ್ಲೂ ಅದೇ ಭಯ, ದೇವತೆಯ ಹೆಸರು ಬೇರೆ ಅಷ್ಟೇ. ಹೀಗೆ ಬೈಗುಳ ನಿಂತಿತು. ಕೆಲಸ ಹೇಳಿದರೆ ತಪ್ಪಾಗುತ್ತದೆ, ತಪ್ಪಾದರೆ ಬಾಯಿ ಜಾರುತ್ತದೆ ಎಂದು ಕೆಲಸ ಹೇಳುವುದೂ ನಿಂತಿತು. ದೇವರಿಗೆ ಬಿಟ್ಟ ಹೋರಿಯನ್ನು ನೋಡಿದ್ದೀರಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವವರಿಲ್ಲ, ನೊಗ ಹೂಡುವವರೂ ಇಲ್ಲ. ಸಾವು ಮುಟ್ಟಿ ಬಿಟ್ಟ ನಮ್ಮಂಥ ಮಕ್ಕಳು ಬೆಳೆದದ್ದು ಹಾಗೆ.

ಚನ್ನವೀರಕ್ಕನೂ ಹಾಗೇ ಬೆಳೆಯಬೇಕಾಗಿತ್ತು. ಅವಳು ಕುರುಗೋಡಿನವಳು. ಅಪ್ಪ ಹಾಲಸಿದ್ದಪ್ಪನವರದು ಬೆಲ್ಲದ ಅಂಗಡಿ. ಅರವತ್ತೊಂದನೇ ಇಸವಿಯಲ್ಲಿ, ಅವಳಿನ್ನೂ ಹನ್ನೊಂದರ ಹುಡುಗಿ, ಮೊಣಕಾಲಿನ ಮೇಲೆ ಬಾವು ಬಂತು. ಮೂಳೆಯ ಕ್ಯಾನ್ಸರೆಂದು ಬಲಗಾಲನ್ನು ತೊಡೆಯ ಹತ್ತಿರ ಕತ್ತರಿಸಿದರು. ಹುಡುಗಿ ವರ್ಷ ಕಳೆಯುವುದು ಕಷ್ಟ ಎಂದು ಅಪ್ಪನ ಕಿವಿಯಲ್ಲಿ ಹೇಳಿ ಕಳಿಸಿದ್ದರಂತೆ. ಮನೆಯವರು ದನಿ ತಗ್ಗಿಸಿ ಮಾತಾಡತೊಡಗಿದರು, ಕೇಳಿದ್ದು ಕೊಡತೊಡಗಿದರು. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಹುಡುಗಿ ಬಗಲುಗೋಲು ಊರಿಕೊಂಡು ಓಣಿಯೆಲ್ಲ ತಿರುಗತೊಡಗಿದಳು. ಮನೆಯವರ ದನಿ ಮಾತ್ರ ಮೇಲೇಳಲಿಲ್ಲ.

"ಒಂದಿನ ಹಾಲಿನ ಗಡಿಗಿ ಬೇಕಂತಲೇ ಒಡದೆ," ಎಂದು ಅಕ್ಕ ನನಗೆ ಹೇಳಿದ್ದಳು. "ಅವ್ವ ಈಗ ಬೈತಾಳ, ಈಗ ಬೈತಾಳ ಅಂತ ಕುಂತೆ. ಆಕಿ ಚೂರು ಆರಿಸಿಕೊಂಡು, 'ಹೋಗ್ಲಿ ಬಿಡು ನನ ತಾಯಿ, ಕಾಲಿಗೆ ಚುಚ್ಚೀತು' ಅಂದ್ಲು. ಅವತ್ತು ತಿಳೀತು ನೋಡು ಶಾಬು, ಇವರೆಲ್ಲಾರ ಮನಸಿನ್ಯಾಗ ನಾ ಎಂದೋ ಸತ್ತೀನಿ ಅಂತ."

ಅವಳನ್ನು ಬದುಕಿಸಿದ್ದು ಪಕ್ಕದ ಮನೆಯ ಅಕ್ತರಬಿ. ಹತ್ತಿ ಹಿಂಜಿ ಗಾದಿ ತುಂಬುವ ಹೆಂಗಸು. ಮದುವೆಯ ಸುಗ್ಗಿಯಲ್ಲಿ ಗಾದಿ ಹೊಲಿಯಲು ಕೈ ಸಾಲದೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ಹುಡುಗಿಯ ಕೈಗೆ ದಬ್ಬಣ ಕೊಟ್ಟಳು. ಹುಡುಗಿ ಸೊಟ್ಟಪಟ್ಟ ಹೊಲಿದಳು. ಅಕ್ತರಬಿ ಗಾದಿ ಎಳೆದು ನೋಡಿ, "ಏ ಕಾಮಚೋರ್! ನಿಕಮ್ಮಿ! ಇದೇನು ಹೊಲಿಗೆನಾ, ಕೋಳಿ ಕೆದರಿದ್ದಾ? ಬಿಚ್ಚು, ಮತ್ತ ಹೊಲಿ!" ಎಂದು ಓಣಿಗೆ ಕೇಳುವಂತೆ ಒದರಿದಳು. ಹುಡುಗಿ ಹೊಲಿಗೆ ಬಿಚ್ಚುತ್ತ ಅತ್ತಳಂತೆ, ಸಂತೋಷಕ್ಕೆ. ಕಾಮಚೋರ್ ಅಂದರೆ ಕೆಲಸಗಳ್ಳಿ. ಕೆಲಸಗಳ್ಳಿ ಎಂದು ಯಾರನ್ನು ಬೈಯುತ್ತಾರೆ? ಕೆಲಸ ಮಾಡಬಲ್ಲವಳನ್ನು. ಮತ್ತೆ ಆ ಬೈಗುಳದಲ್ಲಿ ಸಾವಿನ ಸುದ್ದಿಯೇ ಇರಲಿಲ್ಲ.

ಅಲ್ಲಿಂದ ಅವಳು ಹೊಲಿಗೆಗೆ ಬಿದ್ದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಬಳ್ಳಾರಿಗೆ ಬಂದು, ಪ್ಯಾಂಟು ಹೊಲಿಯುವ ಅಂಗಡಿಯೊಂದರಲ್ಲಿ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ, ಕೊನೆಗೆ ಗಾಂಧಿನಗರದ ಒಂದು ಸಂದಿಯಲ್ಲಿ ತನ್ನದೇ ಅಂಗಡಿ ಇಟ್ಟಳು. ಕೈಮಷಿನ್ ಇಟ್ಟುಕೊಂಡು ನಾಲ್ಕಾರು ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದಳು. ಅಂಗಡಿ ಹುಡುಕಿಕೊಂಡು ಬರುವವರಿಗೆ ಗುರುತು ಹೇಳಬೇಕಾಗಿರಲಿಲ್ಲ, ಸಂದಿಯ ಬಾಯಿಗೇ ಬೈಗುಳ ಕೇಳುತ್ತಿತ್ತು.

ಅದೇ ಬೀದಿಯಲ್ಲಿ ದವಾಖಾನೆ ಇಟ್ಟಿದ್ದವರು ಡಾಕ್ಟರ್ ವಿರೂಪಾಕ್ಷಪ್ಪ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದು ಉಳಿದು ದೊಡ್ಡವರಾದ ಮಕ್ಕಳು ಏನಾಗಿದ್ದಾರೆ ಎಂಬ ಚಿಂತೆ ಅವರಿಗೆ ಹತ್ತಿತ್ತು. ಹೊರದೇಶದಲ್ಲಿ ಇಂಥ ಹುಡುಗ ಹುಡುಗಿಯರನ್ನು ಒಟ್ಟಿಗೆ ಸೇರಿಸಿ ಶಿಬಿರ ಮಾಡುತ್ತಾರೆ, ಮುಂದಾಳುಗಳಾಗಿ ತಯಾರು ಮಾಡುತ್ತಾರೆ ಎಂದು ಎಲ್ಲೋ ಓದಿದ್ದರು. ಎಂಬತ್ತನಾಲ್ಕರ ದಸರಾ ರಜೆಯಲ್ಲಿ ನನ್ನಂಥವರನ್ನು ಹುಡುಕಿ ಕರೆಸಿ, ಕುರುಗೋಡಿನ ಗುಡ್ಡದ ಬುಡದ ಛತ್ರದಲ್ಲಿ 'ಯುವ ನಾಯಕತ್ವ ಶಿಬಿರ' ಎಂದು ಬಟ್ಟೆಯ ಬೋರ್ಡು ಕಟ್ಟಿಸಿದರು. ಆ ಬೋರ್ಡು ನೋಡಿ ಊರವರು ನಮ್ಮನ್ನು ಯಾವುದೋ ಪಕ್ಷದ ಹುಡುಗರೆಂದು ತಿಳಿದು, ಚುನಾವಣೆ ಯಾವಾಗ ಎಂದು ಕೇಳಿದ್ದರು. ಹುಡುಗಿಯರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಬೇಕೆಂದು ಡಾಕ್ಟರು ಚನ್ನವೀರಕ್ಕನನ್ನು ಕರೆತಂದಿದ್ದರು. ಕ್ಯಾನ್ಸರಿನಿಂದ ಉಳಿದ ನಮ್ಮಲ್ಲೆಲ್ಲ ಹಿರಿಯಳು ಅವಳೇ.

ಮೊದಲ ದಿನ ಡಾಕ್ಟರು ನಾಯಕನ ಗುಣಗಳ ಬಗ್ಗೆ ಉಪನ್ಯಾಸ ಕೊಟ್ಟರು. ನಾವು ಸೊಗಸಾಗಿ ತೂಕಡಿಸಿದೆವು. ಊಟದ ಹೊತ್ತಿಗೆ ಎಲೆ ಹಾಕಿದವರಿಲ್ಲ, ನೀರು ತಂದವರಿಲ್ಲ. ಯಾರಾದರೂ ಬಡಿಸುತ್ತಾರೆ ಎಂದು ಎಲ್ಲರೂ ಗೋಡೆಗೆ ಒರಗಿ ಕೂತಿದ್ದೆವು, ಅದು ನಮ್ಮ ಜೀವಮಾನದ ರೂಢಿ. ಚನ್ನವೀರಕ್ಕ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು.

"ಡಾಕ್ಟ್ರೇ, ನಿಮ್ಮ ನಾಯಕತ್ವ ಆಮ್ಯಾಲ ಇಟ್ಕೊಳ್ರಿ," ಎಂದಳು. "ನಮ್ಮ ಕಡೆ ಅದಕ್ಕ ಹಿರೇತನ ಅಂತಾರ. ದಿನಕ್ಕೊಬ್ರು ಹಿರೇತನ ಮಾಡ್ಲಿ. ನೀರು, ಕೂಳು, ಕಸ, ಜಗಳ, ಎಲ್ಲಾದಕ್ಕೂ ಅವ್ರು ಜವಾಬು ಕೊಡ್ಲಿ. ಕೆಟ್ರ ನಾ ಕೇಳ್ತೀನಿ."

ಡಾಕ್ಟರು ನಕ್ಕು ಒಪ್ಪಿದರು. ಅವಳು ಎರಡು ಕಟ್ಟಳೆ ಹಾಕಿದಳು. ಒಂದು, ಎಷ್ಟು ಬೇಕಾದರೂ ಬೈಯಬಹುದು, ಆದರೆ ಸಾವಿನ ಬೈಗುಳ ಕೂಡದು. ಎರಡನೆಯದು, ಛತ್ರದ ಹೊಸ್ತಿಲೊಳಗೆ ಯಾರೂ ಪೇಷೆಂಟಲ್ಲ. ನಾಡಿ ಹಿಡಿಯುವುದು, ಹೊಟ್ಟೆ ಒತ್ತುವುದು, "ಹೇಗಿದೆ ಮೈ" ಎಂದು ಕೇಳುವುದು ನಡೆಯದು. ಡಾಕ್ಟರು ಎರಡನೆಯದಕ್ಕೆ ತುಸು ಹಿಂದೆಮುಂದೆ ನೋಡಿದರು. "ತಿಂಗಳಿಗೊಮ್ಮೆ ನಿಮ್ಮ ದವಾಖಾನಿಗೆ ಬರ್ತಾರಲ್ರಿ, ಅಲ್ಲಿ ನೋಡ್ರಿ. ಇಲ್ಲಾದ್ರೂ ಮನುಷ್ಯಾರಾಗಿರ್ಲಿ," ಎಂದಳು ಅಕ್ಕ. ಅವರು ತಮ್ಮ ಸ್ಟೆಥಸ್ಕೋಪನ್ನು ಚೀಲದಲ್ಲಿಟ್ಟರು. ನಮಗೆಲ್ಲ ಎಷ್ಟು ಖುಷಿಯಾಯಿತೆಂದರೆ ಚಪ್ಪಾಳೆ ತಟ್ಟಿದೆವು.

ಮೊದಲ ಹಿರೇತನ ಬಂದದ್ದು ಕೊಳಗಲ್ಲಿನ ಮಾರೆಣ್ಣನಿಗೆ. ಹತ್ತೊಂಬತ್ತರ ಹುಡುಗ. ಒಂಬತ್ತರಲ್ಲಿ ಕುತ್ತಿಗೆಗೆ ಗಂಟಾಗಿ, ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದವನು. ಕುತ್ತಿಗೆಯ ಚರ್ಮ ಅಲ್ಲಲ್ಲಿ ಕಪ್ಪಾಗಿತ್ತು, ಯಾವಾಗಲೂ ಟವಲು ಸುತ್ತಿಕೊಂಡಿರುತ್ತಿದ್ದ. ತಾಯಿ ಎಲ್ಲಮ್ಮ ಗಂಡನಿಲ್ಲದವಳು, ಮೆಣಸಿನಕಾಯಿ ಹೊಲದಲ್ಲಿ ಕೂಲಿ ಮಾಡಿ ಇವನೊಬ್ಬನನ್ನು ಸಾಕಿದ್ದಳು. ಇವನನ್ನು ಶಿಬಿರಕ್ಕೆ ಬಿಟ್ಟು ಹೋಗಲಾರದೆ ಮೊಸರನ್ನದ ಗಂಟು ಹಿಡಿದುಕೊಂಡು ಛತ್ರದ ಹೊರಗಿನ ಬೇವಿನ ಮರದ ಕೆಳಗೇ ಕೂತಿದ್ದಳು. ಮಾರೆಣ್ಣ ಹಿರೇತನ ವಹಿಸಿಕೊಂಡವನು ಹಾಸಿಗೆ ಬಿಚ್ಚಿ ಮಲಗಿಬಿಟ್ಟ. ಮಧ್ಯಾಹ್ನವಾದರೂ ಒಲೆ ಹೊತ್ತಲಿಲ್ಲ.

ಚನ್ನವೀರಕ್ಕನ ಬಗಲುಗೋಲು ಟಕ್ ಟಕ್ ಎಂದು ಬಂತು.

"ಲೇ ಮಾರ್ಯಾ! ಕೂಳಿಗೆ ದಂಡ ಭೂಮಿಗೆ ಭಾರ ಅಂತಾರಲ್ಲ, ಅಂಥಾವ್ನ ನೋಡಬೇಕು ಅಂದ್ಕೊಂಡಿದ್ದೆ, ಇವತ್ತು ಕಂಡೆ. ಎಮ್ಮಿ ಹಂಗ ಬಿದ್ಕೊಂಡಿದಿಯಲ್ಲೋ ಸೋಂಬೇರಿ, ನಿನ್ನ ನಂಬಿದ ಮಂದಿ ಉಪಾಸ ಕುಂತೈತಿ. ಏಳಲೇ ಮೈಗಳ್ಳ, ಹಿಡಿ ಕೊಡ!"

ಹೊರಗಿನಿಂದ ಎಲ್ಲಮ್ಮ ಓಡಿಬಂದಳು. "ಯಾಕವ್ವ ನನ್ನ ಮಗನ್ನ ಬೈತಿ? ಅಂವ ದೇವರು ತಿರುಗಿ ಕೊಟ್ಟ ಕೂಸು. ನೀರು ಬೇಕಂದ್ರ ನಾ ತರ್ತೀನಿ."

"ಅವ್ವಾ, ನೀ ಸುಮ್ನಿರು," ಎಂದ ಮಾರೆಣ್ಣ. ಎದ್ದು ಕೊಡ ಹಿಡಿದುಕೊಂಡು ಬಾವಿಯ ಕಡೆ ನಡೆದ. ನಾನು ಹಿಂದೆ ಹೋದೆ. ಸಿಟ್ಟಾಗಿರಬೇಕು ಅಂದುಕೊಂಡಿದ್ದೆ. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು ಅವನು ನನ್ನ ಹೆಗಲು ಹಿಡಿದು ಅಲುಗಾಡಿಸಿದ. "ಶಾಬು, ಲೇ ಅಂದ್ಲಲೇ ನನಗ! ಹತ್ತು ವರ್ಷದಾಗ ಯಾರೂ ಅಂದಿರ್ಲಿಲ್ಲ." ಅವನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಆ ಊಟ ಹೊತ್ತು ಮುಳುಗುವಾಗ ತಯಾರಾಯಿತು, ಅನ್ನ ಅರ್ಧ ಹೊತ್ತಿತ್ತು. ನಾನು ಅಷ್ಟು ರುಚಿಯಾಗಿ ಉಂಡದ್ದು ಕಡಿಮೆ.

ಆ ಶಿಬಿರದಿಂದ ಹೋದ ಮಾರೆಣ್ಣ ಬೇರೆಯೇ ಮಾರೆಣ್ಣ. ತಾಯಿಯನ್ನು ಕೂಲಿಗೆ ಕಳಿಸದೆ ತಾನೇ ಹೋಗತೊಡಗಿದ. ಕೊಳಗಲ್ಲಿನಲ್ಲಿ ಅವರ ಕೇರಿಯ ಬೋರಿಂಗು ಕೆಟ್ಟು ನಿಂತಿತ್ತು. ಕೇರಿಯ ಹುಡುಗರನ್ನೆಲ್ಲ ಕಟ್ಟಿಕೊಂಡು ಬಳ್ಳಾರಿಯ ಕಚೇರಿಯ ಮೆಟ್ಟಿಲ ಮೇಲೆ ಧರಣಿ ಕೂತು ರಿಪೇರಿ ಮಾಡಿಸಿದ. ಬಳ್ಳಾರಿಗೆ ಬಂದಾಗೆಲ್ಲ ಅಕ್ಕನ ಅಂಗಡಿಗೆ ಬಂದು ಒಂದು ಕಂತು ಬೈಸಿಕೊಂಡು ಹೋಗುತ್ತಿದ್ದ. "ಚಾ ಕುಡದ ಹಂಗಾತು," ಅನ್ನುತ್ತಿದ್ದ. ನಾನೂ ಅಷ್ಟರಲ್ಲಿ ಸಿರುಗುಪ್ಪ ಬಿಟ್ಟು ಅಕ್ಕನ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದೆ. ಒಂದು ಕಣ್ಣಿನವನು ಬಟ್ಟೆ ನೇರ ಕತ್ತರಿಸುತ್ತಾನೆಯೇ ಎಂದು ಗಿರಾಕಿಗಳು ಅನುಮಾನಪಟ್ಟರೆ ಅಕ್ಕ ಅವರಿಗೂ ಬೈಯುತ್ತಿದ್ದಳು.

ಮರುವರ್ಷದ ಶಿಬಿರಕ್ಕೆ ಮಾರೆಣ್ಣನೇ ಇಡೀ ಶಿಬಿರದ ಹಿರಿಯ. ತೆಕ್ಕಲಕೋಟೆಯಿಂದ, ಹಳ್ಳಿಹಳ್ಳಿಗಳಿಂದ ಹೊಸಬರು ಬಂದಿದ್ದರು, ಅಮ್ಮಂದಿರ ಸೆರಗಿಗೆ ಅಂಟಿಕೊಂಡವರು. ಅವರನ್ನು ನಗಿಸಿ, ರೇಗಿಸಿ, ಕೆಲಸಕ್ಕೆ ಹಚ್ಚಿ ಅವನು ಶಿಬಿರವನ್ನು ನಡೆಸಿದ ರೀತಿ ನೋಡಿ ಡಾಕ್ಟರು, "ಇನ್ನು ನಾವು ಮನೆಗೆ ಹೋಗಬಹುದು ಚನ್ನವೀರಮ್ಮ" ಎಂದರು. ಎಲ್ಲಮ್ಮ ಆ ಸಲ ಬೇವಿನ ಮರದ ಕೆಳಗೆ ಇರಲಿಲ್ಲ. ಮಗನೇ ಬರಬೇಡ ಅಂದಿದ್ದನಂತೆ.

ಎರಡು ದಿನ ಕಳೆದ ಮೇಲೆ ಅವನು ಕೊಡ ಎತ್ತುವಾಗ ನಿಂತು ನಿಂತು ಉಸಿರು ಎಳೆದುಕೊಳ್ಳುವುದನ್ನು ನೋಡಿದೆ. ಅಕ್ಕನೂ ನೋಡಿದಳು.

"ಏನ್ಲೇ, ಹಿರೇತನ ಸಿಕ್ಕ ಕೂಡ್ಲೇ ಮೈ ಭಾರ ಆತೇನು? ಸೋಗು ಹಾಕಬ್ಯಾಡ, ನಡಿ!"

"ಹೊಂಟ್ನಿ ಅಕ್ಕಾ," ಎಂದು ನಕ್ಕು ಅವನು ಕೊಡ ಎತ್ತಿದ. ಎತ್ತಿದ ಕೊಡವನ್ನು ಇಳಿಸಲಿಲ್ಲ, ದಿನವೆಲ್ಲ ಹೊತ್ತ.

ಕೊನೆಯ ದಿನ ಎಲ್ಲರೂ ಗುಡ್ಡ ಹತ್ತುತ್ತಿದ್ದಾಗ ಮಾರೆಣ್ಣ ಬಂಡೆಗಳ ನಡುವೆ ಕುಸಿದ. ಡಾಕ್ಟರು ಓಡಿಬಂದು ಟವಲು ಬಿಚ್ಚಿ, ಅಂಗಿಯ ಗುಂಡಿ ಕಿತ್ತರು. ಕುತ್ತಿಗೆಯಲ್ಲಿ, ಕಂಕುಳಲ್ಲಿ ಅಡಿಕೆಯಷ್ಟು ದಪ್ಪದ ಗಂಟುಗಳು. ಡಾಕ್ಟರ ಮುಖ ನೋಡಿಯೇ ನಮಗೆಲ್ಲ ತಿಳಿಯಿತು. ನಮ್ಮಂಥವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಯಾವಾಗಿಂದ?" ಎಂದು ಕೇಳಿದರು.

"ಬ್ಯಾಸಗಿಯಿಂದ ರೀ."

"ದವಾಖಾನೆಗೆ ಯಾಕೆ ಬರಲಿಲ್ಲ? ನನಗಲ್ಲದಿದ್ದರೆ ಅಕ್ಕನಿಗಾದರೂ ಹೇಳಬೇಕಿತ್ತಲ್ಲೋ!"

ಮಾರೆಣ್ಣ ಅಕ್ಕನ ಕಡೆ ನೋಡಿದ. "ಹೇಳಿದ್ರ ಮತ್ತ ನನ್ನ ದೇವ್ರ ಹೋರಿ ಮಾಡಿ ಬಿಡ್ತಿದ್ರಿ," ಎಂದ.

ಶಿಬಿರದಲ್ಲಿ ಮೈ ಮುಟ್ಟಿ ನೋಡಬಾರದೆಂದು ಕಟ್ಟಳೆ ಹಾಕಿದವಳು ಚನ್ನವೀರಕ್ಕ. ಸೋಗು ಎಂದು ಬೈದವಳೂ ಅವಳೇ. ಕೆಳಗಿಳಿಯುವಾಗ ಅವಳ ಬಗಲುಗೋಲು ಕಲ್ಲಿನ ಸಂದಿಗೆ ಸಿಕ್ಕಿ ಬಿದ್ದಳು. ನಾನು ಎಬ್ಬಿಸಿದೆ. ಮೊಣಕೈ ತರಚಿ ರಕ್ತ ಸುರಿಯುತ್ತಿದ್ದರೂ ಅವಳಿಗೆ ಖಬರಿರಲಿಲ್ಲ.

ಮಾರೆಣ್ಣನನ್ನು ಬೆಂಗಳೂರಿಗೆ ಒಯ್ದರು. ಕರೆಂಟು ಮತ್ತೆ ಕೊಡುವ ಹಾಗಿರಲಿಲ್ಲ, ಔಷಧಿ ಹಿಡಿಯಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಮನೆಗೆ ಕಳಿಸಿದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ನಾನು ಡಾಕ್ಟರನ್ನು ಕೇಳಿದೆ. "ಉಳಿಯುತ್ತಿದ್ದನೋ ಏನೋ" ಎಂದರು. ಆ 'ಏನೋ' ಚನ್ನವೀರಕ್ಕನನ್ನು ಹುಳದ ಹಾಗೆ ಕೊರೆಯಿತು.

ಬೆಂಗಳೂರಿನಿಂದ ಬಂದ ವಾರವೇ ಎಲ್ಲಮ್ಮ ಅಂಗಡಿಗೆ ಬಂದಳು. ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು. "ಹೂವಿನಂಗ ಇಟ್ಕೊಂಡಿದ್ನಲ್ಲೇ ಕುಂಟಿ! ಬೈದು ಬೈದು ದುಡಿಸಿ ನನ್ನ ಮಗನ್ನ ತಿಂದ್ಯಲ್ಲೇ! ನಿನಗ ಹೊಟ್ಟ್ಯಾಗ ಹುಟ್ಟಿದ್ರ ಗೊತ್ತಾಗ್ತಿತ್ತು!" ಸಂದಿಯ ಜನವೆಲ್ಲ ಸೇರಿತು. ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪ್ಯಾಂಟಿಗೆ ಗುಂಡಿ ಹಚ್ಚುತ್ತಲೇ ಇದ್ದಳು. ಅದೇ ಗುಂಡಿಗೆ ಮತ್ತೆ ಮತ್ತೆ ದಾರ ಸುತ್ತುತ್ತಿದ್ದಳು.

ಅಂದಿನಿಂದ ಅಂಗಡಿ ಮೌನವಾಯಿತು. ಹುಡುಗಿಯರು ಹೊಲಿಗೆ ಕೆಡಿಸಿದರೆ ಅಕ್ಕ ಸುಮ್ಮನೆ ತಾನೇ ಬಿಚ್ಚಿ ಹೊಲಿದು ಕೊಡುತ್ತಿದ್ದಳು. ಒಂದು ಹುಡುಗಿ ನನ್ನ ಹತ್ತಿರ ಬಂದು, "ಅಕ್ಕಗ ನಮ್ಮ ಮ್ಯಾಲ ಸಿಟ್ಟೇನಣ್ಣ?" ಎಂದು ಕೇಳಿತು. ಅಕ್ಕನಿಗೆ ಸಿಟ್ಟು ಬಂದದ್ದು ತನ್ನ ಬಾಯಿಯ ಮೇಲೆಯೇ.

ಶಿವರಾತ್ರಿ ಕಳೆದ ಮೇಲೆ ಕೊಳಗಲ್ಲಿನಿಂದ ಹಾಲು ತರುವವನು ಸುದ್ದಿ ತಂದ. ಮಾರೆಣ್ಣ ಅಕ್ಕನನ್ನು ನೋಡಬೇಕೆನ್ನುತ್ತಾನೆ. ಅಕ್ಕ ಒಲ್ಲೆ ಎಂದಳು. ಯಾವ ಮುಖ ಇಟ್ಟುಕೊಂಡು ಎಲ್ಲಮ್ಮನ ಹೊಸ್ತಿಲು ತುಳಿಯಲಿ ಎಂದಳು. ನನಗೆ ತಡೆಯಲಾರದ ಸಿಟ್ಟು ಬಂತು.

"ಮೈಗಳ್ಳಿ ಅದೀಯಕ್ಕ ನೀನು," ಎಂದೆ. "ನಮಗೆಲ್ಲ ಜವಾಬು ಕೊಡ್ರಿ ಅಂತ ಬೈತಿದ್ದಿ. ಈಗ ನಿನ್ನ ಪಾಳಿ ಬಂದ್ರ ಮೂಲ್ಯಾಗ ಕುಂತಿ. ಏಳು, ಬಸ್ಸಿನ ಹೊತ್ತಾತು!"

ಜೀವನದಲ್ಲಿ ಅವಳನ್ನು ನಾನು ಬೈದದ್ದು ಅದೊಂದೇ ಸಲ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬಗಲುಗೋಲಿಗೆ ಕೈ ಚಾಚಿದಳು.

ಎಲ್ಲಮ್ಮನ ಮನೆಯಲ್ಲಿ ನಾಲ್ಕಾರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಪಿಸುಮಾತು. ಬಾಗಿಲು ತೆಗೆಯುವವರೂ ಸದ್ದಾಗದಂತೆ ತೆಗೆಯುತ್ತಿದ್ದರು. ಎಲ್ಲಮ್ಮ ನಮ್ಮನ್ನು ನೋಡಿ ಮುಖ ತಿರುಗಿಸಿದಳು, ಆದರೆ ಬೇಡ ಅನ್ನಲಿಲ್ಲ. ಹೊರಸಿನ ಮೇಲೆ ಮಾರೆಣ್ಣ ಇದ್ದ. ಕಣ್ಣು ಬಿಟ್ಟರೆ ಬೇರೇನೂ ಅವನದಾಗಿ ಉಳಿದಿರಲಿಲ್ಲ.

"ಬಂದ್ಯಾ ಅಕ್ಕಾ," ಎಂದ. "ನೋಡು, ಎಲ್ಲಾರೂ ಎಷ್ಟು ಮೆತ್ತಗಾಗ್ಯಾರ. ನೀರಿನ ಚಂಬು ಚೆಲ್ಲಿದ್ರೂ ನಗತಾರ. ಇನ್ನೂ ಉಸಿರೈತಿ ನನಗ, ಆಗಲೇ ಹೋರಿ ಮಾಡಿ ಬಿಟ್ಟಾರ. ಒಂದೆರಡು ಬೈಯಿ ಅಕ್ಕಾ. ಮದ್ಲಿನಂಗ."

ಚನ್ನವೀರಕ್ಕ ಬಾಯಿ ತೆರೆದಳು. "ಲೇ..." ಎಂದಳು. ಮುಂದೆ ಬರಲಿಲ್ಲ. ಅವನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆ ಹಚ್ಚಿ ಅತ್ತಳು. ಅವಳು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಮಾರೆಣ್ಣ ಅವಳನ್ನು ನೋಡಿ, ಮೆಲ್ಲಗೆ ಗೋಡೆಯ ಕಡೆ ಮುಖ ಮಾಡಿದ. ಆ ಮುಖದ ನಿರಾಸೆಯನ್ನು ನಾನು ಹೇಳಲಾರೆ. ಕೇಳಿದ್ದು ಏನೂ ದೊಡ್ಡದಲ್ಲ, ಅದೂ ಸಿಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಎಲ್ಲಮ್ಮ ಅದನ್ನು ನೋಡಿದಳು. ಬಂದು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದಳು. ಜಗಳಕ್ಕೇ ಎಂದು ತಿಳಿದು ನಾನು ಬಗಲುಗೋಲು ಹಿಡಿದುಕೊಂಡು ಹಿಂದೆ ಓಡಿದೆ.

"ದಿನಾ ಇದನ್ನಽ ಕೇಳ್ತಾನಕ್ಕ," ಎಂದಳು ಎಲ್ಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಬೈಯಿ ಅವ್ವಾ ಬೈಯಿ ಅಂತಾನ. ಹ್ಯಾಂಗ ಬೈಲಿ? ನನಗ ಬರೋವೆಲ್ಲ ಸಾವಿನ ಬೈಗಳ. ನಮ್ಮವ್ವ ನನಗ ಬೈದಿದ್ದು ಅವನ್ನಽ, ನಾ ಕಲ್ತಿದ್ದು ಅವನ್ನಽ. ಅವು ಬಿಟ್ರ ನನ್ನ ಬಾಯಾಗ ಏನೂ ಇಲ್ಲ. ನಿನ್ನವು ಬ್ಯಾರೆ ಅದಾವಂತ. ಕಲಿಸಿಕೊಡು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೋಂಬೇರಿ ಅನ್ನು," ಎಂದಳು.

"ಸೋಂಬೇರಿ," ಎಂದಳು ಎಲ್ಲಮ್ಮ, ಮಂತ್ರ ಹೇಳಿಸಿಕೊಂಡವಳಂತೆ.

"ಹಂಗಲ್ಲ. ಗಟ್ಟಿಯಾಗಿ. ಅಂವ ನಾಳೆ ಎದ್ದು ಹೊಲಕ್ಕ ಹೋಗೋವ ಅದಾನ ಅಂತ ತಿಳ್ಕೊಂಡು ಅನ್ನು."

ಎಲ್ಲಮ್ಮ ಒಳಗೆ ಹೋದಳು. "ಏ ಸೋಂಬೇರಿ," ಎಂದದ್ದು ನಮಗೆ ಕೇಳಿಸಿತು. ಆಮೇಲೆ ಮಾರೆಣ್ಣನ ಸಣ್ಣ ದನಿ: "ಏನವ್ವ? ಕೇಳಿಸ್ಲಿಲ್ಲ." ಅವಳು ಹಿತ್ತಲಿಗೆ ಓಡಿಬಂದು ಗೋಡೆಗೆ ತಲೆ ಕೊಟ್ಟು ಬಿಕ್ಕಿದಳು, ಮುಖ ತೊಳೆದುಕೊಂಡಳು, "ಇನ್ನೊಂದು ಹೇಳಿಕೊಡು" ಎಂದಳು. ಅಕ್ಕ ಇನ್ನೊಂದು ಹೇಳಿಕೊಟ್ಟಳು. ಅದನ್ನು ಬಾಯಲ್ಲಿ ಇಟ್ಟುಕೊಂಡು, ಚೆಲ್ಲೀತೆನ್ನುವ ಹಾಗೆ, ಎಲ್ಲಮ್ಮ ಮತ್ತೆ ಒಳಗೆ ಹೋದಳು. ಹೀಗೆ ಹೋದಳು, ಬಂದಳು. ಕೊನೆಗೊಮ್ಮೆ ಆ ಮನೆಯಲ್ಲಿ ನಿಜವಾದ ಬೈಗುಳ ಎದ್ದಿತು.

"ಲೇ ಮಾರ್ಯಾ! ಮನಿಗೆ ಮಂದಿ ಬಂದೈತಿ, ಒಂದು ಚಾಪಿ ಹಾಸ್ರಿ ಅನ್ನಾಕ ಬಾಯಿಲ್ಲೇನು ನಿನಗ? ಈ ಮನಿ ಹಿರೇತನ ಯಾರ್ದು? ಗಂಡಸಾಗಿ ಹುಟ್ಟಿ ಗ್ವಾಡಿ ನೋಡ್ಕೋತ ಬಿದ್ದಿಯಲ್ಲೋ ಮೈಗಳ್ಳ!"

ಗೋಡೆಗೆ ಒರಗಿದ್ದ ಹೆಂಗಸರು ಬೆಚ್ಚಿ ಎದ್ದು ನಿಂತರು. ಮಾರೆಣ್ಣ ಈ ಕಡೆ ತಿರುಗಿದ. ನಗುತ್ತಿದ್ದ. "ಚಾಪಿ ಹಾಸ್ರಿ," ಎಂದ. "ಶಾಬುಗ ಮಜ್ಜಿಗಿ ಕೊಡ್ರಿ. ಆ ಬಾಗ್ಲ ಪೂರಾ ತೆಗೀರಿ, ಗಾಳಿ ಬರ್ಲಿ." ಸಂಜೆಯವರೆಗೆ ಅವನು ಮಲಗಿದಲ್ಲಿಂದಲೇ ಎಲ್ಲರಿಗೂ ಕೆಲಸ ಹೇಳಿದ. ನಾವೆಲ್ಲ ಓಡಾಡಿ ಮಾಡಿದೆವು.

ಅಕ್ಕ ಆಮೇಲೆ ವಾರಕ್ಕೊಮ್ಮೆ ಕೊಳಗಲ್ಲಿಗೆ ಹೋಗಿ ಬರುತ್ತಿದ್ದಳು. ಆ ವರ್ಷವೂ ಶಿಬಿರ ನಡೆಯಿತು, ಅವಳು ಇರುವವರೆಗೂ ನಡೆಯಿತು. ಎರಡನೆಯ ಕಟ್ಟಳೆಯನ್ನು ಮಾತ್ರ ಅವಳೇ ಕಿತ್ತು ಹಾಕಿದಳು. ಬೈಯುವುದಕ್ಕೆ ಮೊದಲು ಕುತ್ತಿಗೆ, ಕಂಕುಳು ಮುಟ್ಟಿ ನೋಡುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು. ಆ 'ಏನೋ' ಅವಳನ್ನು ಕೊನೆಯವರೆಗೂ ಬಿಡಲಿಲ್ಲವೆಂದು ನನಗೆ ಗೊತ್ತು. ಅದನ್ನು ಆ ಸಭೆಯಲ್ಲಿ ಯಾರೂ ಹೇಳಲಿಲ್ಲ.

ಮಾರೆಣ್ಣ ಆ ಶಿವರಾತ್ರಿಯ ಬೆನ್ನಿಗೇ, ಯುಗಾದಿಯ ಹಿಂದುಮುಂದಿನಲ್ಲಿ ಹೋದ. ಸುದ್ದಿ ತಿಳಿದು ನಾವು ಹೋಗುವಾಗ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರೆ. ಸತ್ತವನು ಎಂಥ ಬಂಗಾರದಂಥವನು, ಎಂಥ ಧರ್ಮವಂತ ಎಂದು ಹೊಗಳಿ ಹೊಗಳಿ ಅಳುವುದು ಪದ್ಧತಿ. ಎಲ್ಲಮ್ಮ ಹೊಗಳಲಿಲ್ಲ. ಮಗನ ಎದುರು ಮಂಡಿಯೂರಿ ಕೂತು ರಾಗ ತೆಗೆದು ಬೈಯುತ್ತಿದ್ದಳು. "ಏಳಲೇ ಸೋಂಬೇರೀ, ಹೊತ್ತು ನೆತ್ತಿಗೆ ಬಂತು... ಕೂಳಿಗೆ ದಂಡ ಆದ್ಯಲ್ಲೋ ಮೈಗಳ್ಳಾ, ಏಳಲೇ..." ಹಿತ್ತಲಲ್ಲಿ ಕಲಿತದ್ದನ್ನೆಲ್ಲ ಒಂದೂ ಬಿಡದೆ ಅವನಿಗೆ ಒಪ್ಪಿಸುತ್ತಿದ್ದಳು. ಸುತ್ತಲಿನ ಹೆಂಗಸರು ತಲೆ ಕೆಟ್ಟಿತೆಂದು ಅವಳ ಬಾಯಿ ಮುಚ್ಚಲು ಹೋದರು. ಚನ್ನವೀರಕ್ಕ ಬಗಲುಗೋಲು ಅಡ್ಡ ಹಿಡಿದಳು. "ಬಿಡ್ರಿ, ಬೈಲಿ," ಎಂದಳು.

ಕಲಿತ ಬೈಗುಳವೆಲ್ಲ ಮುಗಿದವು. ಹೆಣ ಎತ್ತಲು ಬಂದವರು ಬಗ್ಗಿದಾಗ ಎಲ್ಲಮ್ಮ ಮಗನ ಗದ್ದ ಹಿಡಿದುಕೊಂಡು ಇನ್ನೊಂದು ಬೈಗುಳ ಬೈದಳು. ಅದು ಚನ್ನವೀರಕ್ಕ ಕಲಿಸಿದ್ದಲ್ಲ.

"ಹಡದಾಕಿ ನಾ ಹಿಂದ ಅದೀನಿ, ಮುದಿಕಿಯರು ಮುದುಕರು ಎಲ್ಲಾರೂ ಹಿಂದ ಅದಾರ. ಎಲ್ಲಾರ್ನೂ ಬಿಟ್ಟು ನೀನಽ ಮುಂದ ನಡದೀಯಲ್ಲಲೇ. ಈ ಹಿರೇತನ ಯಾರು ಕೊಟ್ರಲೇ ನಿನಗ?"